ಪುರದ ಸೌದೆ ಹೊರೆಯಿಂದ ವಿಧಾನಸೌಧದ ಮೆಗಾವಾಟಿನ ತನಕ

ಕರೆಂಟು ಹೋದ ಕೂಡಲೇ ನಮ್ಮ ತುಮಕೂರಿನ ಅಂಗಡಿ ಬೀದಿಗಳಲ್ಲಿ ಬೈಸಿಕೊಳ್ಳುವುದು ಇವತ್ತಿಗೂ ಕೆ.ಇ.ಬಿ.ಯವರೇ. ಕೆ.ಇ.ಬಿ. ಕಣ್ಮುಚ್ಚಿ ಕಾಲು ಶತಮಾನ ಆಯಿತು. 1999ರಲ್ಲಿ ಅದು ಕೆ.ಪಿ.ಟಿ.ಸಿ.ಎಲ್. ಆಯಿತು, 2002ರಲ್ಲಿ ಅದರಿಂದ ಒಡೆದು ನಮ್ಮ ಪಾಲಿಗೆ ಬೆಸ್ಕಾಂ ಬಂತು. ಬೋರ್ಡು ಬದಲಾಯಿತು, ಬೈಗುಳದ ವಿಳಾಸ ಬದಲಾಗಲಿಲ್ಲ. ಲೈನ್‌ಮನ್ ಬೈಸಿಕೊಳ್ಳುತ್ತಾನೆ, ಇಂಜಿನಿಯರು ಬೈಸಿಕೊಳ್ಳುತ್ತಾರೆ, ಬಾರದ ಮಳೆರಾಯನೂ ಬೈಸಿಕೊಳ್ಳುತ್ತಾನೆ. ಆದರೆ ಈ ನಾಡಿಗೆ ಎಷ್ಟು ಕರೆಂಟು ಬೇಕು, ಯಾರಿಗೆ ಬೇಕು, ಯಾವ ಕೆಲಸಕ್ಕೆ ಬೇಕು ಅಂತ ಲೆಕ್ಕ ಬರೆದವರು ಯಾರು ಸ್ವಾಮಿ? ಆ ಲೆಕ್ಕ ಸರಿಯಾಗಿದೆಯಾ? ಇದನ್ನು ಕೇಳುವವರು ಮಾತ್ರ ಕಾಣೆ.

ಕೇಳಿದವರು ಇದ್ದರು. ಅವರು ಕೇಳಲು ಶುರು ಮಾಡಿದ್ದು ವಿಧಾನಸೌಧದಲ್ಲಲ್ಲ, ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದ ಪಕ್ಕದಲ್ಲಿರುವ ಪುರ ಎಂಬ ಚಿಕ್ಕ ಹಳ್ಳಿಯಲ್ಲಿ. ಈ ಸಂಗತಿ ಸ್ವೀಡನ್ನಿನಲ್ಲಿ ಗೊತ್ತು, ಬ್ರೆಜಿಲ್ಲಿನಲ್ಲಿ ಗೊತ್ತು, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಗೊತ್ತು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಎಷ್ಟು ಜನಕ್ಕೆ ಗೊತ್ತೋ!

ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟರು

ನಮ್ಮ ಕಡೆಯಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು ಯಶವಂತಪುರ ದಾಟುತ್ತಲೇ ಎಡಕ್ಕೋ ಬಲಕ್ಕೋ ಮರಗಳ ಕಾಡಿನಂಥ ಜಾಗವೊಂದನ್ನು ನೋಡಿರುತ್ತೀರಿ. ಕಂಡಕ್ಟರ್ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ಕಾಗದ ಪತ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ. 1909ರಲ್ಲಿ ಶುರುವಾದದ್ದು, ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ. 1958ರಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯದ ಸಮಾನ ಸ್ಥಾನವೂ ಸಿಕ್ಕಿತು. ಒಳಗೆ ನಡೆಯುವುದು ದೊಡ್ಡ ದೊಡ್ಡ ವಿಜ್ಞಾನ. ಹೊರಗಿನವರಿಗೆ ಅದರ ಸದ್ದೂ ಇಲ್ಲ, ಸುದ್ದಿಯೂ ಇಲ್ಲ.

ಅಲ್ಲಿ ಅಮೂಲ್ಯ ರೆಡ್ಡಿ ಎಂಬ ಪ್ರೊಫೆಸರರಿದ್ದರು. ಪೂರ್ತಿ ಹೆಸರು ಅಮೂಲ್ಯ ಕುಮಾರ್ ಎನ್. ರೆಡ್ಡಿ. ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲೇ. ಅವರ ಕಸುಬು ವಿದ್ಯುತ್ ರಸಾಯನ ವಿಜ್ಞಾನ, ಅಂದ್ರೆ ಬ್ಯಾಟರಿ, ತುಕ್ಕು, ಲೋಹದ ಲೇಪ ಇವೆಲ್ಲ ಬರುವ ಶಾಸ್ತ್ರ. ಬಾಕ್ರಿಸ್ ಎಂಬ ವಿಜ್ಞಾನಿಯ ಜೊತೆ ಅವರು 1970ರಲ್ಲಿ ಬರೆದ ಪುಸ್ತಕವನ್ನು ಜಗತ್ತಿನ ಕಾಲೇಜುಗಳಲ್ಲೆಲ್ಲ ಹುಡುಗರು ಓದಿದರು. ಅಷ್ಟಕ್ಕೇ ಕಾಲು ಚಾಚಿ ಕೂತಿದ್ದರೆ ಪಿಂಚಣಿ ತನಕ ಯಾರೂ ಮಾತಾಡಿಸುತ್ತಿರಲಿಲ್ಲ.

ಅವರು ಕೂರಲಿಲ್ಲ. 1973ರ ಕೊನೆಗೆ ಅರಬ್ ದೇಶಗಳು ಎಣ್ಣೆಯ ನಲ್ಲಿ ಬಿಗಿ ಮಾಡಿ, ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆ ಬೆಲೆ ನಾಲ್ಕು ಪಟ್ಟಾಯಿತಲ್ಲ, ಅದೇ ಹೊತ್ತು. 1974ರಲ್ಲಿ ರೆಡ್ಡಿಯವರು ಸಂಸ್ಥೆಯ ಹಲವು ವಿಭಾಗಗಳ ಮೇಷ್ಟರುಗಳನ್ನು ಕೂಡಿಸಿ ‘ಅಸ್ತ್ರ’ ಎಂಬ ಗುಂಪು ಕಟ್ಟಿದರು. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಾಡಿಗೆ ಅನ್ವಯಿಸುವುದು ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಸೇರಿ ಆದ ಹೆಸರು ಅದು. ಸಿವಿಲ್ಲಿನವರು, ಮೆಕ್ಯಾನಿಕಲ್ಲಿನವರು, ಕೆಮಿಸ್ಟ್ರಿಯವರು ಎಲ್ಲ ಬಂದರು. ಪ್ರಯೋಗಶಾಲೆ ಎಲ್ಲಿ ಅಂದರೆ ಉಂಗ್ರ. ಅಲ್ಲೇ ಒಂದು ಕೇಂದ್ರ ತೆರೆದು ತಳವೂರಿದರು.

ಐವತ್ತಾರು ಮನೆ, ಮುನ್ನೂರ ಐವತ್ತೇಳು ಜನ

ಹಳ್ಳಿಗೆ ಬಂದ ಪಟ್ಟಣದ ವಿದ್ಯಾವಂತರು ಸಾಮಾನ್ಯವಾಗಿ ಮೊದಲು ಭಾಷಣ ಮಾಡುತ್ತಾರೆ, ಆಮೇಲೆ ಗಿಡ ನೆಡುತ್ತಾರೆ, ಆಮೇಲೆ ಜೀಪು ಹತ್ತುತ್ತಾರೆ. ಇವರು ಎಣಿಸಲು ಕೂತರು. ಉಂಗ್ರದ ಸುತ್ತಿನ ಆರು ಹಳ್ಳಿಗಳಲ್ಲಿ ಮನೆ ಮನೆ ಹೊಕ್ಕು, ಒಲೆಗೆ ಎಷ್ಟು ಸೌದೆ ಹೋಗುತ್ತದೆ, ಬುಡ್ಡಿಗೆ ಎಷ್ಟು ಸೀಮೆಎಣ್ಣೆ, ಎತ್ತು ಎಷ್ಟು ಹೊತ್ತು ದುಡಿಯುತ್ತದೆ, ಹೆಂಗಸು ಎಷ್ಟು ಹೊತ್ತು ದುಡಿಯುತ್ತಾಳೆ ಎಂದು ಬರೆದುಕೊಂಡರು. ಹೆಂಗಸಿನ ದುಡಿಮೆಯನ್ನು ‘ಇಂಧನ’ದ ಪಟ್ಟಿಯಲ್ಲಿ ಬರೆದ ಸರಕಾರಿ ರಿಜಿಸ್ಟರನ್ನು ನಾನಂತೂ ಕಂಡಿಲ್ಲ.

1977ರಲ್ಲಿ ಪುರದಲ್ಲಿ ಇದ್ದದ್ದು 56 ಮನೆ, 357 ಜನ. ಆ ಊರಿನಲ್ಲಿ ಬಳಕೆಯಾಗುವ ಶಕ್ತಿಯನ್ನೆಲ್ಲ ಒಂದೇ ತಕ್ಕಡಿಗೆ ಹಾಕಿ ತೂಗಿದಾಗ ನೂರಕ್ಕೆ ಸುಮಾರು 89 ಪಾಲು ಸೌದೆ. ಸೀಮೆಎಣ್ಣೆ ಎರಡು ಪಾಲು. ಮಿಕ್ಕದ್ದರಲ್ಲಿ ಬಹುಪಾಲು ಮನುಷ್ಯರ ರಟ್ಟೆಯದು, ಸ್ವಲ್ಪ ಎತ್ತಿನದು. ಕರೆಂಟು? ನೂರಕ್ಕೆ ಒಂದರ ಆಸುಪಾಸು. ಊರಿಗೆ ಕಂಬ ಬಂದಿತ್ತು, ತಂತಿ ಬಂದಿತ್ತು, ದಾಖಲೆಯಲ್ಲಿ ‘ವಿದ್ಯುದೀಕರಣಗೊಂಡ ಗ್ರಾಮ’ ಅಂತ ಮುದ್ರೆಯೂ ಬಿದ್ದಿತ್ತು. ತಂತಿಯ ಕೆಳಗೆ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು.

ಸೌದೆ ಆರಿಸಿ ತರುವುದಕ್ಕೇ ಒಂದು ಮನೆಗೆ ದಿನಕ್ಕೆ ಸರಾಸರಿ ಎರಡೂವರೆ ಗಂಟೆಯ ಮೇಲೆ ಹೋಗುತ್ತಿತ್ತು. ಅದರ ಮೇಲೆ ನೀರು ಹೊರುವುದು, ಒಲೆ ಮುಂದೆ ಕೂತು ಊದುಗೊಳವೆ ಹಿಡಿಯುವುದು, ಹೊಲಕ್ಕೆ ಬುತ್ತಿ ಒಯ್ಯುವುದು. ಈ ಕೆಲಸದಲ್ಲಿ ಹೆಚ್ಚಿನ ಪಾಲು ಹೆಂಗಸರದು ಮತ್ತು ಮಕ್ಕಳದು. ಸೌದೆಗೆ ಕಾಸು ಕೊಡುತ್ತಿದ್ದವರು ಬಹಳ ಕಡಿಮೆ. ಕಾಸು ಕೈ ಬದಲಾಯಿಸದ ಮೇಲೆ ಅದು ಯಾವ ಯೋಜನಾ ಆಯೋಗದ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಮನೆಯಾಕೆ ಗಲ್ಲಾ ಮೇಲೆ ಕೂತ ಹೊತ್ತಿಗೆ ಸಂಬಳ ಬರೆಯುತ್ತೀರೇನು? ಹಾಗೆ.

ಇನ್ನೊಂದು ಮಾತೂ ಹೊರಬಿತ್ತು. ಹಳ್ಳಿಯವರು ಮರ ಕಡಿದು ಕಾಡು ನುಂಗುತ್ತಾರೆ ಎಂಬುದು ಆ ಕಾಲದ ಸಾಹೇಬರುಗಳ ಸಿದ್ಧ ಮಾತಾಗಿತ್ತು. ಪುರದ ಹೆಂಗಸರು ತರುತ್ತಿದ್ದದ್ದು ಒಣಗಿ ಬಿದ್ದ ರೆಂಬೆ, ಪುರಲೆ, ಬೇಲಿಯ ಕಡ್ಡಿ. ದಿಮ್ಮಿ ಬೇಕಾಗುತ್ತಿದ್ದದ್ದು ಪಟ್ಟಣದ ಸೌದೆ ಡಿಪೋಗಳಿಗೆ. ಬೆಂಗಳೂರಿಗೆ ಲಾರಿಗಟ್ಟಲೆ ಹೋಗುತ್ತಿದ್ದ ಸೌದೆಯನ್ನು ಕುರಿತೇ ಸುಧಾಕರ ರೆಡ್ಡಿ ಎಂಬವರ ಜೊತೆ ಸೇರಿ ಪ್ರೊಫೆಸರರು 1983ರಲ್ಲಿ ಒಂದು ಪ್ರಬಂಧ ಬರೆದರು. ಬಡವನ ಮನೆಯಲ್ಲಿ ಸೌದೆ, ಒಂದು ಮೆಟ್ಟಿಲು ಹತ್ತಿದವನ ಮನೆಯಲ್ಲಿ ಸೀಮೆಎಣ್ಣೆ ಸ್ಟವ್, ಇನ್ನೊಂದು ಮೆಟ್ಟಿಲು ಹತ್ತಿದರೆ ಗ್ಯಾಸು. ಅಡಿಗೆಮನೆ ನೋಡಿ ಆಸ್ತಿ ಹೇಳಬಹುದು ಎಂಬಂಥ ಲೆಕ್ಕ ಅದು.

ಎಣಿಸಿದ ಮೇಲೆ ಸುಮ್ಮನಾಗಲಿಲ್ಲ. ಹಳೆಯ ಒಲೆಯಲ್ಲಿ ಉರಿದ ಸೌದೆಯ ಬಿಸಿ ನೂರಕ್ಕೆ ಹತ್ತು ಪಾಲು ಪಾತ್ರೆ ಮುಟ್ಟಿದರೆ ಹೆಚ್ಚು, ಉಳಿದದ್ದು ಗೋಡೆಗೆ, ಗಾಳಿಗೆ, ಅಮ್ಮನ ಕಣ್ಣಿಗೆ. ಅದನ್ನು ನೋಡಿ ಮೂರು ಪಾತ್ರೆ ಕೂರುವ, ಹೊಗೆಕೊಳವೆ ಇರುವ ಮಣ್ಣಿನ ಒಲೆ ಮಾಡಿದರು. ಅದೇ ‘ಅಸ್ತ್ರ ಒಲೆ’. ಮುಂದೆ ಒಂದರಲ್ಲಿ ಮುದ್ದೆಯ ಎಸರು, ನಡುವೆ ಸಾರು, ಹಿಂದೆ ಬಿಸಿನೀರು. ಅರ್ಧಕ್ಕೆ ಹತ್ತಿರ ಸೌದೆ ಉಳಿಯಿತು, ಹೊಗೆ ಸೂರಿನ ಆಚೆ ಹೋಯಿತು. ಎಂಬತ್ತರ ದಶಕದಲ್ಲಿ ರಾಜ್ಯದ ಉದ್ದಗಲಕ್ಕೆ ಈ ಒಲೆ ಕಟ್ಟಿಸಿದರು. ಕಟ್ಟುವವನ ಕೈ ಚೆನ್ನಾಗಿರಬೇಕು ಅನ್ನೋದು ಮಾತ್ರ ನಿಜ. ಕಿಂಡಿಯ ಅಳತೆ ನಾಲ್ಕು ಬೆರಳು ತಪ್ಪಿದರೆ ಅದೂ ಹಳೆ ಒಲೆಯ ತಂಗಿಯೇ. ಗುರಿ ಮುಟ್ಟಿಸುವ ಆತುರದಲ್ಲಿ ಕಟ್ಟಿದ ಸರಕಾರಿ ಕೆಲಸ ಹೇಗಿರುತ್ತದೆ ಎಂದು ಓದುಗರಿಗೆ ಬೇರೆ ಹೇಳಬೇಕಿಲ್ಲ.

ಸೀಮೆಎಣ್ಣೆ ಬುಡ್ಡಿಗೂ ಲಾರಿಗೂ ಏನು ಸಂಬಂಧ?

ನಮ್ಮ ವ್ಯಾಪಾರಸ್ಥರಿಗೆ ಬಹಳ ರುಚಿಸುವ ವಾದ ಒಂದನ್ನು ಈ ಪ್ರೊಫೆಸರರು ಎಂಬತ್ತರ ದಶಕದ ಶುರುವಿನಲ್ಲೇ ಮಂಡಿಸಿದ್ದರು. ದೇಶದ ಎಣ್ಣೆ ಬಿಲ್ಲು ಇಳಿಯಬೇಕಾದರೆ ಹಳ್ಳಿಯ ಗುಡಿಸಲಿಗೆ ಕರೆಂಟು ಬಲ್ಬು ಹಾಕಿ ಅಂತ! ಕೇಳಿದರೆ ತಲೆಬುಡ ಇಲ್ಲದ ಮಾತು ಅನ್ನಿಸುತ್ತದೆ. ಸ್ವಲ್ಪ ತಾಳಿ.

ಬಡವರ ಬುಡ್ಡಿಗೆ ಬೇಕು ಎಂದು ಸರಕಾರ ಸೀಮೆಎಣ್ಣೆಯನ್ನು ಅಗ್ಗಕ್ಕೆ ಕೊಡುತ್ತಿತ್ತು. ಸೀಮೆಎಣ್ಣೆ ಅಗ್ಗ, ಡೀಸೆಲ್ ದುಬಾರಿ ಆದರೆ ಏನಾಗುತ್ತದೆ? ಬಂಕಿನವರನ್ನು ಕೇಳಬೇಕಿಲ್ಲ, ಹೆದ್ದಾರಿ ಢಾಬಾದ ಹುಡುಗನೂ ಹೇಳುತ್ತಾನೆ: ಕಲಬೆರಕೆ. ಟ್ಯಾಂಕಿಗೆ ಸೀಮೆಎಣ್ಣೆ ಬೀಳುತ್ತದೆ. ಅದನ್ನು ತಡೆಯಬೇಕಾದರೆ ಡೀಸೆಲ್ ಬೆಲೆಯನ್ನೂ ಸೀಮೆಎಣ್ಣೆಯ ಹತ್ತಿರವೇ ಇಡಬೇಕು. ಡೀಸೆಲ್ ಅಗ್ಗವಾದ ಮೇಲೆ ಗೂಡ್ಸ್ ರೈಲಿನಲ್ಲಿ ಹೋಗಬೇಕಾದ ಸರಕು ಲಾರಿ ಹತ್ತುತ್ತದೆ. ಲಾರಿ ಹೆಚ್ಚಿದಷ್ಟೂ ಡೀಸೆಲ್ ಹೆಚ್ಚು, ಡೀಸೆಲ್ ಹೆಚ್ಚಿದಷ್ಟೂ ಹೊರದೇಶದ ಎಣ್ಣೆ ಹೆಚ್ಚು. ಈ ಸರಪಳಿಯ ಮೊದಲ ಕೊಂಡಿ ಹಳ್ಳಿಯ ಬುಡ್ಡಿ. ಮನೆ ಮನೆಗೆ ಕರೆಂಟು ದೀಪ ಕೊಟ್ಟರೆ ಬುಡ್ಡಿಗೆ ಸೀಮೆಎಣ್ಣೆ ಬೇಡ, ಸಬ್ಸಿಡಿ ಬೇಡ, ಡೀಸೆಲ್ ಬೆಲೆಗೆ ಕಟ್ಟಿದ ಹಗ್ಗವೂ ಬಿಚ್ಚುತ್ತದೆ. ಪಂಚಾಂಗದವರು ಗ್ರಹಗತಿ ಬಿಡಿಸುವ ಹಾಗೆ ಒಂದೊಂದೇ ಕೊಂಡಿ ಬಿಡಿಸಿ ಇಟ್ಟರು. ಒಂದು ಮನೆಗೆ ಒಂದು ದೀಪ ಎಂಬ ಭಾಗ್ಯಜ್ಯೋತಿ ನಮ್ಮಲ್ಲಿ ಎಪ್ಪತ್ತರ ದಶಕದ ಕೊನೆಗೇ ಶುರುವಾಗಿತ್ತು. ಅದು ಬರೀ ಧರ್ಮಕಾರ್ಯ ಎಂದು ತಿಳಿದವರಿಗೆ, ಅದರಲ್ಲಿ ದೇಶದ ಎಣ್ಣೆ ಲೆಕ್ಕವೂ ಅಡಗಿದೆ ಎಂದು ತೋರಿಸಿದ್ದು ಈ ವಾದ.

ಸಗಣಿಯಿಂದ ಟ್ಯೂಬ್‌ಲೈಟು

ಪುರದಲ್ಲಿ ಗೋಬರ್ ಗ್ಯಾಸಿನ ಕತೆಯೂ ನಡೆಯಿತು. ಮೊದಲ ಸಲ ಸೋತಿತು. ಊರಿಗೆಲ್ಲ ಸೇರಿ ಒಂದು ದೊಡ್ಡ ಘಟಕ ಕಟ್ಟಿ, ಮನೆ ಮನೆಗೆ ಅಡಿಗೆ ಗ್ಯಾಸು ಕೊಡುವುದು ಎಂಬುದು ಯೋಜನೆ. ಎಲ್ಲರ ಒಲೆಗೂ ಆಗುವಷ್ಟು ಗ್ಯಾಸಿಗೆ ಊರಿನ ದನಗಳ ಸಗಣಿ ಸಾಲಲಿಲ್ಲ. ಯೋಜನೆ ಕೂತುಹೋಯಿತು. ಬೇರೆಯವರಾಗಿದ್ದರೆ ಉದ್ಘಾಟನೆಯ ಕಲ್ಲು ಉಳಿಸಿ ಮನೆಗೆ ಹೋಗುತ್ತಿದ್ದರು.

ಇವರು ಊರಿನವರನ್ನು ಕೂರಿಸಿಕೊಂಡು ನಿಮಗೆ ಬೇಕಾದ್ದೇನು ಎಂದು ಕೇಳಿದರು. ಜನ ಮೊದಲು ಕೇಳಿದ್ದು ಅಡಿಗೆ ಗ್ಯಾಸಲ್ಲ, ಕುಡಿಯುವ ನೀರು. 1987ರಿಂದ ದಾರಿ ಬದಲಾಯಿತು. ಗ್ಯಾಸನ್ನು ಡೀಸೆಲ್ ಇಂಜಿನ್ನಿಗೆ ಕೊಟ್ಟು, ಸುಮಾರು 5 ಕಿಲೋವಾಟ್ ಕರೆಂಟು ತೆಗೆದು, ಅದರಿಂದ ಕೊಳವೆಬಾವಿಯ ನೀರೆತ್ತಿ ಮನೆ ಮುಂದೆ ನಲ್ಲಿ ಕೊಟ್ಟರು. ಸಂಜೆಗೆ ಟ್ಯೂಬ್‌ಲೈಟು ಕೊಟ್ಟರು. ಸಗಣಿ ತಂದವರಿಗೆ ಕೆ.ಜಿ.ಗೆ 2 ಪೈಸೆ ಕೂಲಿ, ಗ್ಯಾಸು ತೆಗೆದ ಮೇಲೆ ಉಳಿಯುವ ಗೊಬ್ಬರ ವಾಪಸ್ಸು. ಆ ಎರಡು ಪೈಸೆ ಬಹುಮಟ್ಟಿಗೆ ಹೆಂಗಸರ ಕೈಗೆ ಬಿತ್ತು. ಯಂತ್ರ ನೋಡಿಕೊಂಡವರು ಊರಿನ ಇಬ್ಬರು ಹುಡುಗರು, ಲೆಕ್ಕಪತ್ರಕ್ಕೆ ಊರಿನದೇ ಗ್ರಾಮ ವಿಕಾಸ ಸಭೆ. ಕೆ.ಇ.ಬಿ. ದೀಪ ಮಿಣಕ್ ಮಿಣಕ್ ಅನ್ನುತ್ತಿದ್ದ ಕಾಲದಲ್ಲಿ ಸಗಣಿ ದೀಪ ನೆಟ್ಟಗೆ ಉರಿಯಿತು. ತೊಂಬತ್ತರ ದಶಕದ ಮಧ್ಯದವರೆಗೆ ಅದು ನಡೆಯಿತು.

1988ರಲ್ಲಿ ಅದೇ ಸೀಮೆಯ ಹೊಸಹಳ್ಳಿಯಲ್ಲಿ ಇನ್ನೊಂದು ಪ್ರಯೋಗ. ಅಲ್ಲಿ ಸಗಣಿ ಬದಲು ಸೌದೆ ಚೂರು. ಸೌದೆಯನ್ನು ಗ್ಯಾಸಾಗಿ ಮಾಡುವ ಯಂತ್ರವನ್ನು ಇನ್‌ಸ್ಟಿಟ್ಯೂಟಿನವರೇ ತಯಾರಿಸಿದ್ದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲ ಅದರಿಂದ ನಡೆದವು. ಸೌದೆಗೆ ಊರ ಪಕ್ಕದಲ್ಲೇ ತೋಪು ಬೆಳೆಸಿದರು.

ಇವೆಲ್ಲ ಊರೂರಿಗೆ ಯಾಕೆ ಹಬ್ಬಲಿಲ್ಲ? ಈ ವರದಿಗಾರನಿಗೆ ತೋಚುವುದು ಇಷ್ಟು: ನಿತ್ಯ ಸಗಣಿ ತೂಗಬೇಕು, ತಿಂಗಳಿಗೆ ದುಡ್ಡು ಎತ್ತಬೇಕು, ಇಂಜಿನ್ ಕೆಟ್ಟರೆ ರಿಪೇರಿಗೆ ಓಡಬೇಕು. ಪಕ್ಕದ ಕಂಬದಲ್ಲಿ ಸರಕಾರದ ಕರೆಂಟು ಅಗ್ಗಕ್ಕೋ ಪುಕ್ಕಟೆಗೋ ಬರುತ್ತದೆ ಎಂದಾದ ಮೇಲೆ ಈ ತಾಪತ್ರಯ ಯಾರಿಗೆ ಬೇಕು? ಮೇಷ್ಟರುಗಳು ಹಳ್ಳಿಯಲ್ಲಿ ಇರುವ ತನಕ ನಡೆಯುವುದು ಬೇರೆ, ಅವರು ಗಂಟು ಕಟ್ಟಿದ ಮೇಲೂ ನಡೆಯುವುದು ಬೇರೆ.

ಎರಡು ಲೆಕ್ಕ: 9,400 ಮತ್ತು 4,000

ಈಗ ಬನ್ನಿ ವಿಧಾನಸೌಧಕ್ಕೆ. ಎಂಬತ್ತರ ದಶಕದಲ್ಲಿ ಅಂಗಡಿ ನಡೆಸಿದ ಹಿರಿಯರಿಗೆ ನೆನಪಿರುತ್ತದೆ. ಆಗ ನಮ್ಮ ರಾಜ್ಯಕ್ಕೆ ಕರೆಂಟು ಅಂದರೆ ನೀರು, ನೀರು ಅಂದರೆ ಶರಾವತಿ. ಲಿಂಗನಮಕ್ಕಿ ತುಂಬಿದರೆ ಹಬ್ಬ, ತುಂಬದಿದ್ದರೆ ಮೇಣದ ಬತ್ತಿ. ರಾಯಚೂರಿನ ಕಲ್ಲಿದ್ದಲ ಸ್ಥಾವರದ ಮೊದಲ ಘಟಕ ಶುರುವಾದದ್ದೇ 1985ರಲ್ಲಿ. ಇಂಥ ಹೊತ್ತಿನಲ್ಲಿ 1987ರ ಮೇ ತಿಂಗಳು ಸರಕಾರಿ ಸಮಿತಿಯೊಂದು ದೀರ್ಘಾವಧಿ ವಿದ್ಯುತ್ ಯೋಜನೆ ಕೊಟ್ಟಿತು. 2000ನೇ ಇಸವಿಗೆ ಕರ್ನಾಟಕಕ್ಕೆ 9,400 ಮೆಗಾವಾಟ್ ಸಾಮರ್ಥ್ಯ ಬೇಕು, ವರ್ಷಕ್ಕೆ 4,750 ಕೋಟಿ ಯೂನಿಟ್ ಬೇಕು ಎಂದು ಅದರ ಅಂದಾಜು. ಹಿಂದಿನ ವರ್ಷಗಳಲ್ಲಿ ಬೇಡಿಕೆ ಏರಿದ ಗೆರೆಯನ್ನು ಸ್ಕೇಲು ಹಿಡಿದು ಮುಂದಕ್ಕೆ ಎಳೆದರೆ ಬರುವ ಲೆಕ್ಕ ಇದು. ಇಷ್ಟೆಲ್ಲ ಕಟ್ಟಿದರೂ ಕೊರತೆ ತಪ್ಪುವುದಿಲ್ಲ ಎಂದು ಆ ಯೋಜನೆಯೇ ಹೇಳಿತ್ತು ಅನ್ನುವುದು ಅದರ ದೊಡ್ಡ ತಮಾಷೆ.

ಅಮೂಲ್ಯ ರೆಡ್ಡಿ, ಗ್ಲಾಡಿಸ್ ಸುಮಿತ್ರಾ, ಬಾಲಚಂದ್ರ, ಆಂಟೊನೆಟ್ ಡಿ’ಸಾ ಸೇರಿ ಬೇರೆ ಲೆಕ್ಕ ಬರೆದರು. ಪುರದಲ್ಲಿ ಮಾಡಿದ್ದನ್ನೇ ಇಡೀ ರಾಜ್ಯಕ್ಕೆ ಮಾಡಿದರು ಅನ್ನಿ. ಜನಕ್ಕೆ ಬೇಕಾದ್ದು ಕಿಲೋವಾಟಲ್ಲ. ಬೆಂದ ಅನ್ನ ಬೇಕು, ಬೆಳಕು ಬೇಕು, ಹೊಲಕ್ಕೆ ನೀರು ಬೇಕು, ಸ್ನಾನಕ್ಕೆ ಬಿಸಿನೀರು ಬೇಕು, ಗಿರಣಿ ತಿರುಗಬೇಕು. ಆ ಕೆಲಸ ಆಗಲು ಕನಿಷ್ಠ ಎಷ್ಟು ಕರೆಂಟು ಸಾಕು ಎಂದು ಒಂದೊಂದನ್ನೇ ಕೂಡಿಸಿದರು. ಎಲ್ಲ ಮನೆಗೂ ದೀಪ ಕೊಡುವುದನ್ನು ಲೆಕ್ಕದೊಳಗೇ ಸೇರಿಸಿದರು. ಅಷ್ಟಾದರೂ 2000ನೇ ಇಸವಿಗೆ ಬಂದ ಮೊತ್ತ ಸುಮಾರು 4,000 ಮೆಗಾವಾಟ್, 1,790 ಕೋಟಿ ಯೂನಿಟ್. ಸರಕಾರಿ ಸಮಿತಿ ಕೇಳಿದ ಯೂನಿಟ್ಟುಗಳಲ್ಲಿ ನೂರಕ್ಕೆ 38 ಪಾಲು ಮಾತ್ರ. ಈ ಪದ್ಧತಿಗೆ ಅವರಿಟ್ಟ ಹೆಸರು ‘ಡಿಫೆಂಡಸ್’. ಬರೀ ಉತ್ಪಾದನೆ ಹೆಚ್ಚಿಸು ಅನ್ನುವ ಹಳೆ ಪದ್ಧತಿಗೆ ‘ಗ್ರಾಸ್‌ಕಾನ್’ ಎಂದು ಕರೆದು ಛೇಡಿಸಿದರು. ಮೇಷ್ಟರಿಗೂ ನಾಲಗೆ ಚುರುಕಿತ್ತು.

ಹೇಗೆ ಇಷ್ಟು ಕಡಿಮೆ? ಎ.ಇ.ಎಚ್. ಮೀಟರು ನೆನಪಿದೆಯಾ? ನೀರಿನ ಕರೆಂಟು ಧಾರಾಳ ಇದ್ದ ಕಾಲದಲ್ಲಿ ಅಡಿಗೆ, ಬಿಸಿನೀರು ಎಲ್ಲ ಕರೆಂಟಿನಲ್ಲೇ ಮಾಡಿ ಎಂದು ಕೊಟ್ಟದ್ದು. ಆ ಗೀಸರುಗಳ ಬದಲು ಸೂರಿನ ಮೇಲೆ ಸೋಲಾರ್ ಇಡಿ ಎಂದರು. ಬಿಸಿಯಾಗಿ ಉರಿಯುವ ಬಲ್ಬಿನ ಬದಲು ಸಿ.ಎಫ್.ಎಲ್. ಹಾಕಿ ಎಂದರು. ಪಂಪ್‌ಸೆಟ್ಟಿನ ಫುಟ್ ವಾಲ್ವ್, ಪೈಪು ಬದಲಾಯಿಸಿದರೆ ಅಷ್ಟೇ ನೀರಿಗೆ ಕರೆಂಟು ಕಡಿಮೆ ಸಾಕು ಎಂದರು. ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯಿಂದ, ಸಣ್ಣ ಹಳ್ಳಗಳಿಂದ, ಹಳ್ಳಿಯ ಸೌದೆ ಚೂರಿನಿಂದ ಮಿಕ್ಕದ್ದು ತೆಗೆಯಿರಿ ಎಂದರು. ಹೀಗೆ ಮಾಡಿದರೆ ಕೈಗಾದ ಅಣುಸ್ಥಾವರ ಬೇಕೇ ಎಂಬ ಪ್ರಶ್ನೆಯನ್ನೂ ಎತ್ತಿ ಕೆಲವರ ಕೆಂಗಣ್ಣಿಗೆ ಗುರಿಯಾದರು.

ನಮ್ಮ ಅಂಗಡಿಯವರ ಭಾಷೆಯಲ್ಲೇ ಹೇಳೋಣ. 60 ವಾಟಿನ ಐದು ಬಲ್ಬು, ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 45 ಯೂನಿಟ್. ಈಗಿನ 9 ವಾಟಿನ ಎಲ್.ಇ.ಡಿ. ಐದು ಹಾಕಿದರೆ ಏಳು ಯೂನಿಟ್ಟೂ ತುಂಬುವುದಿಲ್ಲ. ಬೆಳಕು ಅಷ್ಟೇ, ಗಿರಾಕಿಗೆ ಸೀರೆಯ ಬಣ್ಣ ಕಾಣುವುದೂ ಅಷ್ಟೇ. ಉಳಿದ 38 ಯೂನಿಟ್ಟನ್ನು ತಯಾರಿಸಲು ಯಾವ ಊರನ್ನೂ ಮುಳುಗಿಸಬೇಕಿಲ್ಲ, ಯಾವ ಕಲ್ಲಿದ್ದಲನ್ನೂ ಅಗೆಯಬೇಕಿಲ್ಲ.

ಈ ಲೆಕ್ಕ 1991ರಲ್ಲಿ ಮುಂಬಯಿಯ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂತು. ಅದಕ್ಕೆ ಮುಂಚೆ 1990ರ ಸೆಪ್ಟೆಂಬರಿನಲ್ಲೇ, ಬ್ರೆಜಿಲ್ಲಿನ ಗೋಲ್ಡೆಂಬರ್ಗ್ ಜೊತೆ ರೆಡ್ಡಿಯವರು ಬರೆದ ಲೇಖನ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಅಚ್ಚಾಗಿತ್ತು. ಇವರಿಬ್ಬರು, ಸ್ವೀಡನ್ನಿನ ಯೋಹಾನ್ಸನ್, ಪ್ರಿನ್ಸ್‌ಟನ್ನಿನ ವಿಲಿಯಮ್ಸ್, ನಾಲ್ವರೂ ಸೇರಿ 1988ರಲ್ಲಿ ಬರೆದ ಪುಸ್ತಕ ಇಂಧನ ನೀತಿಯವರು ಈಗಲೂ ಉದಾಹರಿಸುವಂಥದು. ಸರಕಾರ ಮಾತ್ರ ಅದನ್ನು ತನ್ನ ಯೋಜನೆ ಎಂದು ಒಪ್ಪಿಕೊಂಡು ಜಾರಿಗೆ ತರಲಿಲ್ಲ. ಊರ ದೇವರಿಗಿಂತ ಪರಊರ ದೇವರಿಗೆ ಹರಕೆ ಜಾಸ್ತಿ ಅನ್ನುತ್ತಾರಲ್ಲ, ಇಲ್ಲಿ ತಿರುಗಾಮುರುಗಾ: ಪರಊರಿನವರೇ ನಮ್ಮ ದೇವರಿಗೆ ಕೈ ಮುಗಿದರು.

ಮೇಷ್ಟರ ಲೆಕ್ಕದಲ್ಲಿ ತೊಡಕು ಇರಲಿಲ್ಲವೇ? ಇತ್ತು. ಸ್ಥಾವರ ಕಟ್ಟುವವನು ಒಬ್ಬ, ಬಲ್ಬು ಬದಲಾಯಿಸಬೇಕಾದವರು ಲಕ್ಷ ಜನ. ಆಗ ಸಾದಾ ಬಲ್ಬಿನ ಮುಂದೆ ಸಿ.ಎಫ್.ಎಲ್. ಬೆಲೆ ಎಷ್ಟೋ ಪಟ್ಟು. ವರ್ಷ ಕಳೆದರೆ ಉಳಿತಾಯ ನಿಜ, ಇವತ್ತು ಜೇಬಿನಿಂದ ಹೋಗುವುದೂ ನಿಜ. ಕೂಲಿಯವನಿಗೆ ಇವತ್ತಿನದೇ ದೊಡ್ಡದು. ಇದು ಅವರಿಗೂ ಗೊತ್ತಿತ್ತು. ಮೊದಲ ಖರ್ಚನ್ನು ಕಂತಿಗೆ ಇಳಿಸಿ ಎಂದು ಹೇಳುತ್ತಲೇ ಬಂದರು. 1991ರಲ್ಲಿ ನಿವೃತ್ತರಾದ ಮೇಲೆ ಅವರು ಅಂತರರಾಷ್ಟ್ರೀಯ ಇಂಧನ ಉಪಕ್ರಮ ಸಂಸ್ಥೆ ಕಟ್ಟಿದರು. 2004ರ ಕೊನೆಯಲ್ಲಿ ಬೆಸ್ಕಾಂ ಬೆಂಗಳೂರಿನಲ್ಲಿ ಅದನ್ನೇ ಮಾಡಿತು: ಸಿ.ಎಫ್.ಎಲ್. ಈಗ ಒಯ್ಯಿರಿ, ದುಡ್ಡು ತಿಂಗಳ ಬಿಲ್ಲಿನಲ್ಲಿ ಕಟ್ಟಿ.

2000ನೇ ಇಸವಿ ಬಂತು, ಹೋಯಿತು. ರಾಜ್ಯದಲ್ಲಿ 9,400 ಮೆಗಾವಾಟ್ ಆಗಲಿಲ್ಲ, ಅದರ ಹತ್ತಿರಕ್ಕೂ ಬರಲಿಲ್ಲ. ರಾಜ್ಯ ಮುಳುಗಲೂ ಇಲ್ಲ. ಮೇಷ್ಟರು ಹೇಳಿದ ಉಳಿತಾಯವೂ ಅವರು ಹೇಳಿದ ಹೊತ್ತಿಗೆ ಆಗಲಿಲ್ಲ, ಹಾಗಾಗಿ ಲೋಡ್‌ಶೆಡ್ಡಿಂಗ್ ತಪ್ಪಲಿಲ್ಲ. 1997ರಲ್ಲಿ ಸುಮಿತ್ರಾ ಜೊತೆ ಅವರು ಮಂಡಳಿಯ ಲೆಕ್ಕಗಳನ್ನು ಮತ್ತೆ ಕೆದಕಿದರು. ಪಂಪ್‌ಸೆಟ್ಟಿಗೆ ಮೀಟರಿಲ್ಲ. ರೈತ ಎಷ್ಟು ಬಳಸಿದ ಎಂಬುದು ಬರೀ ಅಂದಾಜು. ದಾರಿಯಲ್ಲಿ ಸೋರಿದ್ದನ್ನೂ ಕದ್ದದ್ದನ್ನೂ ಆ ಅಂದಾಜಿನ ಚೀಲಕ್ಕೆ ತುಂಬಿದರೆ ಕೇಳುವವರಾರು? ಬೈಗುಳ ರೈತನಿಗೆ.

ಹೇಳಿದ ಮಾತು, ತಡವಾಗಿ

ಅಮೂಲ್ಯ ರೆಡ್ಡಿ 2006ರ ಮೇ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮರುವರ್ಷ, 2007ರಲ್ಲಿ, ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ಬಿಸಿನೀರು ಕಡ್ಡಾಯ ಎಂದು ಸರಕಾರ ಹುಕುಂ ಮಾಡಿತು. 2015ರ ಕೊನೆಯಲ್ಲಿ ‘ಹೊಸ ಬೆಳಕು’ ಎಂಬ ಹೆಸರಲ್ಲಿ ಎಲ್.ಇ.ಡಿ. ಬಲ್ಬು ಹಂಚಿತು. 2016ರಿಂದ ಕೇಂದ್ರದ ಉಜ್ವಲದಲ್ಲಿ ಬಡವರ ಮನೆಗೆ ಗ್ಯಾಸು ಬಂತು. ಗೀಸರು, ಬಲ್ಬು, ಒಲೆ. ಮೂರೂ ಅವರ ಹಳೆಯ ಪಟ್ಟಿಯಲ್ಲಿದ್ದವೇ. ಅವರ ‘ಅಸ್ತ್ರ’ ಈಗ ಅದೇ ಆವರಣದಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರಲ್ಲಿದೆ.

ನಮ್ಮ ಜಿಲ್ಲೆಯ ಇನ್ನೊಂದು ತುದಿ ಪಾವಗಡ. ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತ ಸುಮಾರು 13,000 ಎಕರೆಯಲ್ಲಿ ಬಿಸಿಲಿನಿಂದ 2,050 ಮೆಗಾವಾಟ್. 2019ರ ಕೊನೆಗೆ ಪೂರ್ತಿಯಾಯಿತು. ರೈತರ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಜಮೀನಿದ್ದವನಿಗೆ ಬಾಡಿಗೆ ಉಂಟು. ಅದೇ ಜಮೀನಿನಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ? ಕುರಿ ಮೇಯಿಸುತ್ತಿದ್ದವನಿಗೆ? ಪುರದಲ್ಲಿ 56 ಮನೆ ಹೊಕ್ಕು ಯಾರ ರಟ್ಟೆ ಎಷ್ಟು ಸವೆಯಿತು ಎಂದು ಬರೆದುಕೊಂಡ ಹಾಗೆ ಪಾವಗಡದಲ್ಲೂ ಮನೆ ಮನೆ ಲೆಕ್ಕ ಬರೆದು ಊರಿನವರ ಮುಂದೆ ಇಡುವುದು ಬೇಡವೇ?

ಬಿಸಿಲಿನ ಕರೆಂಟಿಗೂ ಒಂದು ಗುಣವಿದೆ. ಹಗಲು ಹೇರಳ, ಸಂಜೆ ಆರಕ್ಕೆ ಅಂಗಡಿಯವನು ದೀಪ ಹಾಕುವ ಹೊತ್ತಿಗೆ ಖಾಲಿ. 2023ರಲ್ಲಿ ಮಳೆ ಕೈಕೊಟ್ಟು, ಅಣೆಕಟ್ಟು ತಳ ಕಂಡು, ಪಂಪ್‌ಸೆಟ್ಟುಗಳು ಒಟ್ಟಿಗೇ ಓಡತೊಡಗಿದಾಗ ಅಕ್ಟೋಬರಿನಲ್ಲಿ ಮತ್ತೆ ಕೊರತೆ ಬಿತ್ತು. ಹೊರಗಿನಿಂದ ಕರೆಂಟು ಕೊಳ್ಳಬೇಕಾಯಿತು, ರಾಜ್ಯದ ಖಾಸಗಿ ಸ್ಥಾವರಗಳಿಗೆ ಕಾಯ್ದೆಯ ಬಲದಿಂದ ಹುಕುಂ ಕೊಡಬೇಕಾಯಿತು. ಅದೇ ವರ್ಷದ ಜುಲೈ ಬಳಕೆಯಿಂದ ಗೃಹಜ್ಯೋತಿ ಬಂದು 200 ಯೂನಿಟ್ ಮಿತಿಯೊಳಗಿನ ಮನೆಗಳಿಗೆ ಬಿಲ್ಲು ಸೊನ್ನೆಯಾಯಿತು. ಶುರುವಿನಲ್ಲಿ ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತು ಮಾತ್ರ ಹೆಚ್ಚು ಎಂದು ಗೆರೆ ಎಳೆದಿದ್ದರಿಂದ, ಮೊದಲೇ ಮಿತವಾಗಿ ಬಳಸಿದವನಿಗೆ ಪುಕ್ಕಟೆ ಕಡಿಮೆ ಸಿಕ್ಕಿತು, ಧಾರಾಳವಾಗಿ ಉರಿಸಿದವನಿಗೆ ಹೆಚ್ಚು ಸಿಕ್ಕಿತು. ಅಂಗಡಿ ಮೀಟರಿಗೆ ಈ ಭಾಗ್ಯ ಇಲ್ಲ. ಅಲ್ಲಿ ಯೂನಿಟ್ ದರದ ಜೊತೆ ಫಿಕ್ಸೆಡ್ ಚಾರ್ಜು, ಬಾಗಿಲು ಹಾಕಿದ ತಿಂಗಳೂ ಅದು ಬರುತ್ತದೆ. ಸ್ಥಾವರಗಳ ಜೊತೆ ಮಾಡಿಕೊಂಡ ಕರಾರಿನಲ್ಲೂ ಹೀಗೇ ಸ್ಥಿರ ಶುಲ್ಕ ಉಂಟು. ಅಲ್ಲಿಂದ ಕರೆಂಟು ಎಳೆದುಕೊಳ್ಳದ ದಿನವೂ ಬೆಸ್ಕಾಂ ಅದನ್ನು ಕಟ್ಟಬೇಕು. ಬೇಡಿಕೆಯ ಅಂದಾಜು ಮೇಲಕ್ಕೆ ತಪ್ಪಿದರೆ ಆ ತಪ್ಪಿನ ಬಿಲ್ಲು ಕೊನೆಗೆ ಬಂದು ನಿಲ್ಲುವುದು ನಿಮ್ಮ ಗಲ್ಲಾ ಪೆಟ್ಟಿಗೆಯ ಮುಂದೆ. 9,400 ಮತ್ತು 4,000ದ ನಡುವಿನ ಜಗಳ ಮೇಷ್ಟರುಗಳ ಜಗಳ ಅಂದುಕೊಂಡವರು ಇದನ್ನು ಸ್ವಲ್ಪ ನೋಡಬೇಕು.

ದರ ಗೊತ್ತುಮಾಡುವುದು ಈಗ ಸರಕಾರವಲ್ಲ, 1999ರಲ್ಲಿ ಬಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಮುಂದಿನ ವರ್ಷಕ್ಕೆ ಎಷ್ಟು ಯೂನಿಟ್ ಮಾರುತ್ತೇವೆ, ಎಷ್ಟು ಕೊಳ್ಳುತ್ತೇವೆ, ದಾರಿಯಲ್ಲಿ ಎಷ್ಟು ಸೋರುತ್ತದೆ, ಪಂಪ್‌ಸೆಟ್ಟಿಗೆ ಎಷ್ಟು ಹೋಗುತ್ತದೆ ಎಂದು ಬೆಸ್ಕಾಂ ಅದರ ಮುಂದೆ ಲೆಕ್ಕ ಇಡಬೇಕು. ಆ ಲೆಕ್ಕದ ಮೇಲೆ ಯಾವ ಗ್ರಾಹಕ ಬೇಕಾದರೂ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬಹುದು, ಬಹಿರಂಗ ವಿಚಾರಣೆಗೆ ಹೋಗಿ ಮಾತಾಡಬಹುದು. ವಕೀಲರೇ ಬೇಕೆಂದಿಲ್ಲ. ಪ್ರಕಟಣೆ ದಿನಪತ್ರಿಕೆಗಳಲ್ಲಿ ಬರುತ್ತದೆ, ಟೆಂಡರ್ ನೋಟೀಸುಗಳ ನಡುವೆ, ಸಣ್ಣ ಅಕ್ಷರದಲ್ಲಿ.